ರಬ್ಬರ್ ಪಟ್ಟಿಯ ವಾಚು

ಬಸ್ತಾ ಎಂದರೆ ಮದುವೆಗೆ ಬಟ್ಟೆಬರೆ ತೆಗೆಯುವ ದಿನ. ಎರಡೂ ಮನೆಯವರು ಒಟ್ಟಿಗೆ ಪೇಟೆಗೆ ಹೋಗಿ, ಒಟ್ಟಿಗೆ ಕೂತು, ಒಟ್ಟಿಗೆ ಆರಿಸಿ, ಒಬ್ಬರ ಮೇಲೊಬ್ಬರು ಹಲ್ಲು ಮಸೆಯುತ್ತ ಮನೆಗೆ ಬರುವ ದಿನ. ವಿಶಾಖಾಳ ಮಟ್ಟಿಗಂತೂ ಅದು ಹಾಗೇ ನಡೆದಿತ್ತು. ಬೆಳಿಗ್ಗೆ ಮುಡಬಿಯಿಂದ ಹೊರಡುವಾಗಲೇ ಅವಳ ಮೂಗಿನ ತುದಿಯಲ್ಲಿ ಸಿಟ್ಟು ಕೂತಿತ್ತು. ಕಲ್ಯಾಣ ಪಟ್ಟಣದ ಜವಳಿ ಅಂಗಡಿಯಲ್ಲಿ ಅದು ನೆತ್ತಿಗೇರಿತು.

ಮದುವೆ ಅವಳ ತಂಗಿ ರತ್ನಮಾಲಾಳದು. ಗಂಡು ಬೇಮಳಖೇಡದ ರಾಜೀವ, ಟ್ರ್ಯಾಕ್ಟರ್ ಓಡಿಸುವವನು, ಸ್ವಂತದ್ದು ಒಂದು ತುಂಡು ಹೊಲವೂ ಇತ್ತು. ಅವನ ತಾಯಿ ಮುಕ್ತಾಬಾಯಿ ತಾನಾಗಿ ಮನೆ ಹುಡುಕಿಕೊಂಡು ಬಂದು ಹೆಣ್ಣು ಕೇಳಿದ್ದಳು. ವರದಕ್ಷಿಣೆ ಬೇಡ, ಬಂಗಾರ ಬೇಡ, ಗಾಡಿ ಬೇಡ. ಬುದ್ಧ ವಿಹಾರದಲ್ಲಿ ನಾಲ್ಕು ಮಂದಿಯ ಎದುರು ಬಿಳಿ ಸೀರೆ ಉಡಿಸಿ ಕಳಿಸಿಕೊಡಿ, ಪದ್ಧತಿಯಂತೆ ಹುಡುಗನ ಕೈಗೊಂದು ವಾಚು ಕಟ್ಟಿ, ಅಷ್ಟು ಸಾಕು ಎಂದಿದ್ದಳು. ಅದನ್ನು ಕೇಳಿ ತಾಯಿ ಶಕುಂತಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ವಿಶಾಖಾಳ ಕಣ್ಣು ಒಣಗಿಯೇ ಇತ್ತು. ಏನೂ ಕೇಳದವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಅನುಮಾನ. ಆದರೆ ಅವಳ ಅನುಮಾನಕ್ಕೆ ಯಾರು ಕವಡೆ ಬೆಲೆ ಕೊಡಬೇಕು? ಗಂಡನ ಮನೆ ಬಿಟ್ಟು ಬಂದು, ಹೊಲಿಗೆ ಯಂತ್ರ ಇಟ್ಟುಕೊಂಡು ಹೊಟ್ಟೆ ಹೊರೆಯುವ ಹೆಣ್ಣು ಅವಳು. ಬಾಯಿ ತೆಗೆದರೆ ಸಾಕು, ತಂಗಿಯ ಸುಖ ಕಂಡು ಹೊಟ್ಟೆಕಿಚ್ಚು ಎಂದು ಇಡೀ ಓಣಿ ತೀರ್ಪು ಕೊಟ್ಟುಬಿಡುತ್ತಿತ್ತು.

ಮೊದಲ ಜಗಳ ಊರಿನ ಮೇಲೆ ಹತ್ತಿತು. ಬಸ್ತಾ ಕಲ್ಯಾಣದಲ್ಲೇ ಆಗಬೇಕೆಂದು ಇವರು, ಹುಮನಾಬಾದಿನಲ್ಲೇ ಆಗಬೇಕೆಂದು ಅವರು. ಕಡೆಗೆ ಸೀರೆ ಕಲ್ಯಾಣದಲ್ಲಿ, ವಾಚು ಹುಮನಾಬಾದಿನಲ್ಲಿ ಎಂದು ಹಿರಿಯರು ಪಾಲು ಮಾಡಿಕೊಟ್ಟರು. ಎರಡನೆಯದು ಸೀರೆಯ ಜಗಳ. ವಿಶಾಖಾ ತೆಗೆದಿಟ್ಟ ಬಿಳಿ ಸೀರೆಯನ್ನು ಮುಕ್ತಾಬಾಯಿ ಎರಡು ಬೆರಳಿನಲ್ಲಿ ಎತ್ತಿ, "ಇದೇನ ಸೊಳ್ಳಿ ಪರದಾ ಅದ ಏನ?" ಎಂದು ಕೆಳಗೆ ಬಿಟ್ಟಳು. ಮೂರನೆಯ ಜಗಳ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ. ಉಳಿದ ನೆಂಟರೆಲ್ಲ ಗಂಟುಮೂಟೆ ಹೊತ್ತು ಊರಿಗೆ ಹೋಗಿದ್ದರು. ಇದ್ದವರು ಅಕ್ಕ-ತಂಗಿ ಇಬ್ಬರು, ತಾಯಿ-ಮಗ ಇಬ್ಬರು.

"ವಾಚ್ ಯಾರ ಕಟ್ಟೋರು?" ಎಂದಳು ಮುಕ್ತಾಬಾಯಿ. "ಹೆಣ್ಣಿನ ಅಣ್ಣ ಕಟ್ಟಬೇಕು, ಇಲ್ಲಂದ್ರ ತಮ್ಮ. ನಿಮ್ಮ ಮನ್ಯಾಗ ಗಂಡಸರ ಇಲ್ಲ. ಚಿಗಪ್ಪನ ಮಗ ಸಮ್ಯಕ ಇದ್ದಾನಲ್ಲ, ಅವನಿಗೆ ಹೇಳ್ರಿ."

"ಸಮ್ಯಕ ನಮ್ಮಪ್ಪ ಸತ್ತಾಗ ಮಣ್ಣಿಗೂ ಬರಲಿಲ್ಲ. ವಾಚ್ ನಾ ಕಟ್ತೀನ್ರಿ, ಮೌಶಿ."

"ಹೆಂಗಸು ವಾಚ್ ಕಟ್ಟೂದು ಎಲ್ಲ್ಯಾದರೂ ಕಂಡೀದಿ ಏನ?"

"ನಾ ಕಂಡಿಲ್ರಿ. ನೀವೂ ಕಂಡಿಲ್ಲ. ಮದುವಿ ದಿನ ಇಬ್ಬರೂ ಕೂಡೇ ಕಾಣೋಣ."

ಕಿಟಕಿಯ ಪಕ್ಕ ಕೂತಿದ್ದ ರತ್ನಮಾಲಾ ಅಕ್ಕನ ತೊಡೆ ಚಿವುಟಿದಳು. ಅವಳದು ಎಲ್ಲರಿಗೂ ಹೂಂ ಅನ್ನುವ ಜಾಯಮಾನ. ಅಪ್ಪ ಹೋದ ಮೇಲೆ ಮನೆಯ ಸಿಟ್ಟನ್ನೆಲ್ಲ ತಾನೊಬ್ಬಳೇ ಹೊತ್ತಿದ್ದೇನೆ, ಇವಳಿಗೆ ಅದರ ಗೊಡವೆಯೇ ಇಲ್ಲ ಎಂದು ವಿಶಾಖಾ ಎಷ್ಟೋ ಸಲ ಒಳಗೊಳಗೇ ಕುದ್ದಿದ್ದಳು. ಆದರೂ ಈ ತಂಗಿಯ ಬದುಕು ನೆಟ್ಟಗಾಗಬೇಕು, ತನ್ನದರ ಹಾಗೆ ಹಾಳಾಗಬಾರದು. ಅದೊಂದು ಆಸೆಯ ಮುಂದೆ ಅವಳಿಗೆ ಉಳಿದದ್ದೆಲ್ಲ ಗೌಣ. ಅದಕ್ಕಾಗಿಯೇ ಮುಕ್ತಾಬಾಯಿಯ ಮಾತನ್ನೆಲ್ಲ ಬೆಳಗಿನಿಂದ ಅರ್ಧಕ್ಕರ್ಧ ನುಂಗಿಕೊಂಡಿದ್ದಳು. ಉಳಿದರ್ಧ ನುಂಗಲು ಅವಳ ಗಂಟಲಿಗೆ ಆಗಲಿಲ್ಲ.

ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ಫಕ್ರುನ್ನೀಸಾಳ ವಾಚಿನ ಅಂಗಡಿ. ಗಂಡ ಸತ್ತ ಮೇಲೆ ತಾನೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ರಿಪೇರಿಗೆ ಕೂತ ಹೆಂಗಸು. ಗಿರಾಕಿಯನ್ನು ನೋಡುವ ಮೊದಲು ಗಿರಾಕಿಯ ಮುಂಗೈ ನೋಡುವವಳು. ಒಳಗೆ ಕಾಲಿಟ್ಟ ನಾಲ್ವರ ಮುಖ ನೋಡಿಯೇ ಬಸ್ತಾದವರೆಂದು ಅವಳಿಗೆ ತಿಳಿಯಿತು. ಕೇಳದೆಯೇ ಬಂಗಾರದ ಬಣ್ಣದ ಚೈನಿನ ವಾಚುಗಳ ಟ್ರೇ ಎತ್ತಿಟ್ಟಳು.

ಮುಕ್ತಾಬಾಯಿಯ ಕೈ ಥಟ್ಟನೆ ಅತಿ ಹೊಳೆಯುವುದರ ಮೇಲೆ ಹೋಯಿತು. "ಇದ ನೋಡು ರಾಜೂ. ನಾಕ ಮಂದ್ಯಾಗ ಎದ್ದ ಕಾಣಬೇಕು."

"ಬ್ಯಾಡವ್ವ. ಚೈನ್ ಬ್ಯಾಡ," ಎಂದ ರಾಜೀವ. ಬೆಳಗಿನಿಂದ ಅವನು ಆಡಿದ ಮೊದಲ ಗಟ್ಟಿ ಮಾತು ಅದು. "ಕಬ್ಬಿಣದ್ದ ಯಾವ್ದೂ ಬ್ಯಾಡ್ರಿ ಆಪಾ. ರಬ್ಬರ್ ಪಟ್ಟೀದು ತೋರಸ್ರಿ. ತುಟ್ಟೀದೂ ಬ್ಯಾಡ."

ವಿಶಾಖಾ ಅವನತ್ತ ನೋಡಿದಳು. ಆ ಮನೆಯವರ ಬಗ್ಗೆ ಒಂದು ಒಳ್ಳೆಯ ಮಾತು ಯೋಚಿಸಿದ್ದು ಅವಳು ಅವತ್ತು ಅದೇ ಮೊದಲು. ಪರವಾಗಿಲ್ಲ, ಶೋಕಿ ಇಲ್ಲ, ಬೆವರಿನ ಕೆಲಸದವನು ಬೆವರಿಗೆ ತಕ್ಕ ವಾಚು ಕೇಳುತ್ತಿದ್ದಾನೆ ಅಂದುಕೊಂಡಳು. ತಂಗಿಯ ಮುಖದಲ್ಲೂ ಸಣ್ಣ ಹೆಮ್ಮೆ ಕಂಡಿತು. ಮುಕ್ತಾಬಾಯಿಯ ಮುಖ ಹುಳ್ಳಗಾಯಿತು, ಅದನ್ನು ನೋಡಿ ವಿಶಾಖಾಳಿಗೆ ಇನ್ನಷ್ಟು ಖುಷಿಯಾಯಿತು.

ಫಕ್ರುನ್ನೀಸಾ ಕೆಳಗಿನ ಖಾನೆಯಿಂದ ದಪ್ಪ ದಪ್ಪ ರಬ್ಬರ್ ವಾಚುಗಳನ್ನು ತೆಗೆದಳು. ಒಂದನ್ನು ನೀರಿನ ಲೋಟದಲ್ಲಿ ಮುಳುಗಿಸಿದಳು, ಇನ್ನೊಂದನ್ನು ಎತ್ತಿ ನೆಲಕ್ಕೆ ಒಗೆದಳು. "ಏಕದಂ ಮಜಬೂತ್ ಬೇಟಾ. ಎಮ್ಮಿ ತುಳಿದರೂ ಏನೂ ಆಗೂದಿಲ್ಲ."

ರಾಜೀವ ಅದನ್ನು ನೆಲದಿಂದ ಎತ್ತಿಕೊಂಡ. ಎತ್ತಿಕೊಂಡವನು ಅಂದಚೆಂದ ನೋಡಲಿಲ್ಲ. ಅಂಗಡಿಯ ಬಾಗಿಲಿಗೆ ಹೋಗಿ, ಬಿಸಿಲಿಗೆ ಹಿಡಿದು, ಗಾಜನ್ನು ಆಚೆ ಈಚೆ ತಿರುಗಿಸಿದ. "ಇದರ ಗಾಜು ಮಿಂಚತದ್ರಿ. ಮಂಕ ಇದ್ದದ್ದು ಬೇಕು." ಇನ್ನೊಂದು ಕೊಟ್ಟಳು. ಅದರ ಗುಂಡಿ ಒತ್ತಿ, ಎರಡೂ ಅಂಗೈಯಲ್ಲಿ ಮುಚ್ಚಿ, ಸಂದಿಯಿಂದ ಇಣುಕಿದ. "ಲೈಟ್ ಭಾಳ ಬೆಳ್ಳಗ ಅದ. ಮಾರಿ ಮ್ಯಾಲ ಬೀಳ್ತದ." ಮೂರನೆಯದರ ಅಲಾರಾಂ ಕೀಂ ಕೀಂ ಎಂದಿತು. ಅವನು ಬೆಚ್ಚಿದವನಂತೆ ಅದನ್ನು ಮುಚ್ಚಿದ. "ಸಪ್ಪಳ ಆಗಬಾರದ್ರಿ. ಅಲಾರಾಂ ಹೊಡದ್ರ ಕೈಗಷ್ಟ ಗೊತ್ತಾಗಬೇಕು. ಬರೇ ನಡಗಬೇಕು."

ಫಕ್ರುನ್ನೀಸಾ ಕಣ್ಣಿನ ಭೂತಗನ್ನಡಿ ತೆಗೆದು ನಕ್ಕಳು. "ಹಿಂಗ ಮೊದಲ ಹೇಳಬಾರದ ಏನ? ಮಿಂಚಬಾರದು, ಒದರಬಾರದು, ನೀರಿಗೆ ರಾಡಿಗೆ ಜಗ್ಗಬಾರದು. ಶಿಕಾರಿ ಮಂದಿ ಬಂದ್ರ ಇದನ್ನ ಕೇಳ್ತಾರ. ತಗೋ, ನಿನ್ನ ವಾಚ್ ಇಲ್ಲಿ ಅದ." ಗೋಡೆಯ ಕಪಾಟಿನಿಂದ ಕಪ್ಪು ರಬ್ಬರಿನ, ಮಂಕು ಗಾಜಿನ ಒಂದು ವಾಚು ಬಂತು. ರಾಜೀವ ಅದನ್ನು ಕೈಗೆ ಬಿಗಿದುಕೊಂಡ. ಅಳತೆ ಮಾಡಿ ಹೊಲಿದಂತೆ ಕೂತಿತು.

"ಶಿಕಾರಿ ಎಲ್ಲೀದವ್ವಾ!" ಎಂದಳು ಮುಕ್ತಾಬಾಯಿ, ಬೇಕಾದದ್ದಕ್ಕಿಂತ ಜೋರಾಗಿ. "ಹೊಲದಾಗ ದುಡಿಯೋ ಹುಡುಗ ಅಂವ."

ಆ ಜೋರು ದನಿಯಿಂದಲೇ ವಿಶಾಖಾಳ ಕಿವಿ ನೆಟ್ಟಗಾದದ್ದು.

"ಹೊಲದಾಗ ದುಡಿಯೋರ ಫೋನಿನಾಗ ಟೈಮ್ ಇಲ್ಲೇನು?" ಎಂದು ನೇರವಾಗಿ ರಾಜೀವನನ್ನೇ ಕೇಳಿದಳು. "ಅಲಾರಾಂ ಅದ. ನಡಗೂದೂ ನಡಗ್ತದ."

"ಫೋನ್ ಮನ್ಯಾಗ ಬಿಟ್ಟ ಹೋಗ್ತೀನ್ರಿ ಅಕ್ಕಾ."

"ಯಾಕ್ರಿ?"

ಅವನು ತಲೆ ತಗ್ಗಿಸಿದ. ಕೈಯಲ್ಲಿದ್ದ ವಾಚಿನ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿ, ಮತ್ತೆ ಸಡಿಲ ಮಾಡಿದ. ವಿಶಾಖಾ ಆ ಪಟ್ಟಿಯನ್ನೇ ನೋಡಿದಳು. ಸದ್ದು ಬೇಡ, ಬೆಳಕು ಬೇಡ, ಫೋನ್ ಬೇಡ. ಅದೆಲ್ಲ ಸರಿ, ಮೊಲ ಹಿಡಿಯುವವನಿಗೂ ಅವು ಬೇಡವೇ ಬೇಡ. ಆದರೆ ಕಬ್ಬಿಣ ಯಾಕೆ ಬೇಡ? ಮೊಲ ಹಿಡಿಯುವವನ ಮುಂಗೈಯಲ್ಲಿ ಚೈನು ಇದ್ದರೆ ಏನು ಕೆಡುತ್ತದೆ? ಅದಕ್ಕೆ ಹೆದರುವವನು ಒಬ್ಬನೇ, ಕತ್ತಲಲ್ಲಿ ಕರೆಂಟಿನ ತಂತಿ ಮುಟ್ಟುವವನು.

ಅವಳ ಅಪ್ಪ ಸತ್ತದ್ದು ಅಂಥ ತಂತಿಯ ಮೇಲೆಯೇ. ಬೇಮಳಖೇಡದ ಕಡೆಗೆ ಕಬ್ಬು ಕಡಿಯಲು ಹೋದವನು, ಮೂರು ವರ್ಷದ ಹಿಂದೆ ಚಳಿಗಾಲದ ಒಂದು ಮುಂಜಾನೆ ಉಳಿದವರಿಗಿಂತ ಮುಂಚೆ ಎದ್ದು ಹೊಲದ ಬದುವಿಗೆ ನಡೆದಿದ್ದ. ಹಂದಿ ಬೇಟೆಗೆಂದು ಯಾರೋ ಕಂಬದಿಂದ ಕೊಕ್ಕೆ ಹಾಕಿ ನೆಲದಗುಂಟ ತಂತಿ ಎಳೆದಿದ್ದರು. ಹೊತ್ತು ಮೂಡುವ ಮೊದಲು ಸುತ್ತಿ ಒಯ್ಯಬೇಕಾದ ತಂತಿ ಅದು, ಅಲ್ಲೇ ಇತ್ತು. ಹಾಕಿದವರು ಯಾರು ಅನ್ನುವುದು ಕಡೆಗೂ ಗೊತ್ತಾಗಲಿಲ್ಲ. ಹೆಣದ ಬೆರಳುಗಳು ಕಪ್ಪಾಗಿದ್ದುದನ್ನು ವಿಶಾಖಾ ಕಣ್ಣಾರೆ ಕಂಡಿದ್ದಳು.

"ನೀವು ಹಂದಿಗೆ ವೈರ್ ಹಾಕ್ತೀರಿ," ಎಂದಳು.

ಅಂಗಡಿಯಲ್ಲಿ ಎಲ್ಲರೂ ಕೇಳಿಸಿಕೊಂಡರು. ಮೊದಲು ಬಾಯಿ ತೆಗೆದವಳು ಮುಕ್ತಾಬಾಯಿ. "ಏನ ನಾಲಿಗಿ ಇದು! ಒಂದ ವಾಚ್ ಕೊಡಸೂದು ತಪ್ಪಿಸ್ಕೊಳ್ಳಾಕ ಇಷ್ಟ ದೊಡ್ಡ ಮಾತ? ಗಂಡನ ಮನ್ಯಾಗ ಬಾಳದಾಕಿ ನೀ. ತಂಗಿ ಬಾಳ್ತಾಳ ಅಂದ್ರ ನಿನ್ನ ಕಣ್ಣಾಗ ಖಾರ ಬೀಳ್ತದ."

"ನನ್ನ ಕಣ್ಣಿನ ಸುದ್ದಿ ಆಮ್ಯಾಲ ಮಾತಾಡೋಣ್ರಿ ಮೌಶಿ. ಮಗನಿಗೆ ಹೌದೋ ಅಲ್ಲೋ ಹೇಳಾಕ ಹೇಳ್ರಿ."

"ಅಕ್ಕಾ!" ರತ್ನಮಾಲಾ ನಡುವೆ ಬಂದು ನಿಂತಳು. ಅವಳ ಮುಖ ಕೆಂಪಾಗಿತ್ತು. "ಸಾಕ ಮಾಡು. ಮುಂಜಾನಿಂದ ನೋಡಾಕತ್ತೀನಿ, ಎಲ್ಲಾದಕ್ಕೂ ಜಗಳ, ಎಲ್ಲಾದಕ್ಕೂ ಸಂಶಯ. ನಿನ್ನ ಸಂಸಾರ ಮುರೀತು ಅಂತ ನಂದೂ ಮುರೀಬ್ಯಾಡ."

ಈ ಮಾತು ಓಣಿಯ ಯಾವ ಬಾಯಿಂದ ಬಂದಿದ್ದರೂ ವಿಶಾಖಾ ಅದಕ್ಕೆ ತಕ್ಕ ಉತ್ತರ ಕೊಡುತ್ತಿದ್ದಳು. ತಂಗಿಯ ಬಾಯಿಂದ ಬಂದದ್ದು ಎದೆಗೇ ನಾಟಿತು. ಅವಳಿಗೆ ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು. ಆದರೆ ಮುಕ್ತಾಬಾಯಿಯ ಮುಂದೆ ಅಳುವುದಕ್ಕಿಂತ ಸಾಯುವುದೇ ವಾಸಿ ಎಂದು ಗಲ್ಲೆಯ ಮೇಜಿನ ಅಂಚು ಹಿಡಿದು ನಿಂತಳು.

"ಮುರೀಲಿ ಇಲ್ಲಾ ಉಳೀಲಿ ರತ್ನಾ, ನಿನ್ನ ಗಂಡನ ಕೈಗೆ ಇವತ್ತ ನಾ ವಾಚ್ ಕೊಡಸಬೇಕು. ನಮ್ಮಪ್ಪ ಹ್ಯಾಂಗ ಸತ್ತ ಅನ್ನೂದು ನಿನಗ ಮರ್ತಿರಬೇಕು. ನನಗ ಮರ್ತಿಲ್ಲ. ತಂತಿ ಹಿಡಿಯೋ ಕೈ ಇದು ಹೌದಂದ್ರ, ಈ ಕೈಗೆ ನಾ ಏನೂ ಕಟ್ಟೂದಿಲ್ಲ."

ರಾಜೀವ ತಲೆಯೆತ್ತಿದ. ಕತ್ತಿನ ನರ ಉಬ್ಬಿತ್ತು. "ಹೌದ್ರಿ, ಹಾಕ್ತೀನಿ. ಏನೀಗ? ನಾ ಒಬ್ಬನ ಹಾಕ್ತೀನೇನು? ಹಂದಿ ಬಂದು ಜೋಳ ಮಣ್ಣಪಾಲು ಮಾಡಿ ಹೋಗ್ತಾವ. ನಿಮಗ ಏನ ಗೊತ್ತು, ಹೊಲಗಿ ಮಶೀನ್ ತುಳಿಯೋರಿಗೆ? ಬೆಳಕ ಹರಿಯೂದರಾಗ ವೈರ್ ಸುತ್ತಿ ತರ್ತೀವಿ. ಮಂದಿಗೆ ತ್ರಾಸ ಆಗಬಾರದು ಅಂತನ ವಾಚ್ ಕೇಳಾಕತ್ತೀನಿ. ಯಾರನ್ನೂ ಕೊಲ್ಲಾಕ ಅಲ್ಲ, ಉಳಸಾಕ!"

"ಉಳಸಾಕ?" ವಿಶಾಖಾ ನಕ್ಕಳು. ಅದು ನಗು ಅಂತ ಹೇಳಬೇಕಷ್ಟೆ. "ಕರೆಂಟ್ ಹಚ್ಚೋನ ಕೈಗೆ ಅಲಾರಾಂ ಕಟ್ಟಿದ್ರ ಅಂವ ಪುಣ್ಯವಂತ ಆಗ್ತಾನೇನು? ಈ ಅಡ್ಡಾದಿಡ್ಡಿ ಮಾತ ತಂಗೀ ಮುಂದ ಹೇಳು, ನನ್ನ ಮುಂದ ಬ್ಯಾಡ. ವಾಚಿನಿಂದ ಮಂದಿ ಉಳೀತಾರಂತ!"

ನೀವು ಹೋಗಿ ನೀನು ಬಂದಿತ್ತು. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತೋ ಏನೋ. ವಾಚು ಕಟ್ಟಿದ್ದ ಕೈಯನ್ನು ಅವಳ ಮುಖದ ಮುಂದೆ ಹಿಡಿದು ಅವನು ಕೂಗಿದ:

"ಉಳೀತಾರ! ಆವತ್ತ ನನ್ನ ಕೈಯಾಗ ವಾಚ್ ಇದ್ದಿದ್ರ ನಿಮ್ಮಪ್ಪ ಬದುಕಿರ್ತಿದ್ದ!"

ಕೂಗಿದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿತು. ಕೈ ಗಾಳಿಯಲ್ಲೇ ನಿಂತಿತು. ಫಕ್ರುನ್ನೀಸಾ ಟ್ರೇ ಮುಚ್ಚುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ, "ಯಾ ಅಲ್ಲಾ," ಎಂದಳು. ಮುಕ್ತಾಬಾಯಿ ಮಗನ ಕೈಯನ್ನು ಕೆಳಗೆಳೆದು, ಬಾಯಿಗೆ ಬಂದಂತೆ ಮಾತಾಡತೊಡಗಿದಳು. ಮಂಜು ಬಿದ್ದಿತ್ತು, ಬೆಳಕಾದದ್ದು ಗೊತ್ತಾಗಲಿಲ್ಲ, ಹುಡುಗ ಆಗ ಸಣ್ಣವನು, ಜೊತೆಗಿದ್ದವರು ಹಾಕಿಸಿದರು, ಬೇಕೆಂದು ಮಾಡಿದ್ದಲ್ಲ.

"ಅದಕ್ಕ ಅಲ್ಲ ನಾವಾಗೇ ನಿಮ್ಮ ಹೊಸ್ತಿಲಿಗೆ ಬಂದಿದ್ದು?" ಎಂದಳು. ಅವಳ ದನಿಯಲ್ಲಿ ಈಗಲೂ ಉಪಕಾರ ಮಾಡಿದವರ ಗತ್ತೇ ಇತ್ತು. "ಒಂದ ಪೈಸಾ ಕೇಳಿಲ್ಲ. ಅಪ್ಪ ಇಲ್ಲದ ಹುಡಗೀಗೆ ಒಂದು ನೆಲಿ ಮಾಡೋಣ ಅಂತ ಬಂದ್ವಿ. ನನ್ನ ಮಗಾ ಮೂರ ವರ್ಷ ಸರಿಯಾಗಿ ಉಂಡಿಲ್ಲ ತಿಂದಿಲ್ಲ. ಅವನ ಕಡಿಂದನೂ ಒಂದಿಷ್ಟ ವಿಚಾರ ಮಾಡ್ರಿ."

ವಿಶಾಖಾಳಿಗೆ ಈಗ ಹೇಳುವುದಕ್ಕೆ ಸಾವಿರ ಮಾತಿತ್ತು. ಮೂರು ವರ್ಷದಿಂದ ಮುಖವಿಲ್ಲದ ಮನುಷ್ಯನಿಗೆ ಬೈದು ಬೈದು ರೂಢಿಯಾದ ಮಾತುಗಳು. ಈಗ ಮುಖ ಎದುರಿಗಿತ್ತು, ಬೆವೆತಿತ್ತು, ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲ. ಅವಳು ಬಾಯಿ ತೆಗೆದಳು.

ಆದರೆ ಮಾತಾಡಿದವಳು ರತ್ನಮಾಲಾ. ಅವಳು ಅಕ್ಕನನ್ನು ಸರಿಸಿ ಮುಂದೆ ಬಂದಳು. ಕೂಗಲಿಲ್ಲ, ಅಳಲಿಲ್ಲ. ಮನೆಯಲ್ಲಿ ಅಮ್ಮನಾಗಲಿ ಅಕ್ಕನಾಗಲಿ ಮೂರು ವರ್ಷದಲ್ಲಿ ಒಮ್ಮೆಯೂ ಬಾಯಿ ಬಿಟ್ಟು ಕೇಳದ ಪ್ರಶ್ನೆಯನ್ನು, ನೆಂಟರ ಸುದ್ದಿ ಕೇಳುವಷ್ಟು ಮೆತ್ತಗೆ ಕೇಳಿದಳು.

"ನಮ್ಮಪ್ಪ ಕೂಗಿದ್ನೇನು?"

ರಾಜೀವ ತಾಯಿಯತ್ತ ನೋಡಿದ.

"ಆಕಡೆ ನೋಡಬ್ಯಾಡ್ರಿ. ನಾ ಕೇಳಾಕತ್ತೀನಿ. ಕೂಗಿದ್ನೇನು?"

"ಹೂಂ," ಎಂದ ರಾಜೀವ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದು ಅವನಿಗೆ ಹೊಳೆಯಲಿಲ್ಲ. "ಒಂದ ಸಲ. ನಾವು ದೂರ ಕುಂತಿದ್ವಿ. ಮಂಜಿನಾಗ ಏನೂ ಕಾಣಸ್ತಿರಲಿಲ್ಲ. ಹಂದಿ ಬಿತ್ತು ಅಂತ ತಿಳಕೊಂಡ್ವಿ." ಅವನು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಖುಷಿ ಆಗಿತ್ತು."

ರತ್ನಮಾಲಾ ತಲೆಯಾಡಿಸಿದಳು, ಕೇಳಿದ ವಿಳಾಸ ಸಿಕ್ಕವರ ಹಾಗೆ. ಆಮೇಲೆ ಕೇಳಿದಳು, "ಹೋಗಿ ನೋಡಿದಾಗ ಜೀವ ಇತ್ತೇನು?"

ಅವನು ಗಲ್ಲೆಗೆ ಬೆನ್ನು ಕೊಟ್ಟು, ಜಾರಿ, ನೆಲಕ್ಕೆ ಕುಕ್ಕರಿಸಿ, ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಮುಕ್ತಾಬಾಯಿ, "ಹೇಳಬ್ಯಾಡ, ಏನೂ ಹೇಳಬ್ಯಾಡ," ಎಂದು ಅವನ ಬಾಯಿಗೆ ಸೆರಗು ಒತ್ತಿದಳು. ಉತ್ತರ ಅಷ್ಟರಲ್ಲೇ ಇತ್ತು. ಜೀವ ಇದ್ದ ಮನುಷ್ಯನನ್ನು ಬಿಟ್ಟು, ತಂತಿ ಸುತ್ತಿಕೊಳ್ಳುವ ಧೈರ್ಯವೂ ಇಲ್ಲದೆ, ಎಲ್ಲರೂ ಓಡಿದ್ದರು.

ಫಕ್ರುನ್ನೀಸಾ ಗಲ್ಲೆ ದಾಟಿ ಈಚೆ ಬಂದಳು. ಬಗ್ಗಿ, ಅಳುತ್ತ ಕೂತವನ ಮುಂಗೈ ಹಿಡಿದು, ಪಟ್ಟಿ ಬಿಚ್ಚಿ, ವಾಚನ್ನು ಕಿತ್ತುಕೊಂಡಳು. "ಇದನ್ನ ನಾ ನಿನಗ ಮಾರೂದಿಲ್ಲ," ಎಂದಳು. "ಎದ್ದ ಹೋಗ್ರಿ ಇಬ್ಬರೂ. ನನ್ನ ದುಕಾನ ಇದು."

ಅವರಿಬ್ಬರೂ ಹೇಗೆ ಎದ್ದು ಹೋದರು ಎಂಬುದನ್ನು ವಿಶಾಖಾ ಸರಿಯಾಗಿ ನೋಡಲಿಲ್ಲ. ಬೆಳಗಿನಿಂದ ಮುಕ್ತಾಬಾಯಿಯನ್ನು ಒಂದು ಸಲ ಸೋಲಿಸಬೇಕು, ಅವಳ ಗತ್ತು ಇಳಿಯುವುದನ್ನು ಕಣ್ತುಂಬ ನೋಡಬೇಕು ಎಂದು ಕಾದಿದ್ದಳು. ಈಗ ಅದೇ ಹೆಂಗಸು ಸೆರಗು ಎಳೆದುಕೊಂಡು ಮಗನನ್ನು ಹೆಗಲಿಗಾನಿಸಿ ರಸ್ತೆ ದಾಟುತ್ತಿದ್ದರೆ, ವಿಶಾಖಾಳ ಬಾಯಿಯಲ್ಲಿ ಬರೀ ಕಹಿ ಇತ್ತು. ಗೆದ್ದ ಸುಖದ ಒಂದು ಚೂರೂ ಇರಲಿಲ್ಲ. ಊರಿಗೆ ಹೋಗಿ ಅಮ್ಮನಿಗೆ ಏನು ಹೇಳುವುದು? ಮದುವೆ ಮುರಿಯಿತು ಎನ್ನಬಹುದು, ಬೈಗುಳ ತಿನ್ನಬಹುದು, ನನ್ನಿಂದಲೇ ಮುರಿಯಿತು ಎಂದೂ ಒಪ್ಪಿಕೊಳ್ಳಬಹುದು. ಉಳಿದದ್ದನ್ನು ಅಮ್ಮನಿಗೆ ಹೇಳುವುದಲ್ಲ ಎಂದು ಅಲ್ಲೇ ತೀರ್ಮಾನಿಸಿದಳು. ಅಪ್ಪ ಕೂಗಿದ್ದು ತಮ್ಮಿಬ್ಬರಲ್ಲೇ ಇರಲಿ.

ಕಲ್ಯಾಣದಲ್ಲಿ ತೆಗೆದ ಸೀರೆಯ ಚೀಲ ಎತ್ತಿಕೊಂಡು ಅವಳು ತಂಗಿಯ ಭುಜ ಹಿಡಿದಳು. "ನಡಿ ರತ್ನಾ. ಮುಡಬಿ ಬಸ್ ಹಿಡಿಯೋಣ. ನಾ ಇದ್ದೀನಿ. ನಿನಗ ಇವನಿಗಿಂತ—"

ರತ್ನಮಾಲಾ ಭುಜ ಬಿಡಿಸಿಕೊಂಡಳು. ಒರಟಾಗಿ ಅಲ್ಲ, ಕೈಗೆ ಬೇರೆ ಕೆಲಸ ಇದ್ದವರು ಬಿಡಿಸಿಕೊಳ್ಳುವ ಹಾಗೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಬಸ್‌ಸ್ಟ್ಯಾಂಡಿನ ಕಡೆ ನೋಡಲೂ ಇಲ್ಲ.

"ಆಪಾ," ಎಂದು ಒಳಗೆ ತಿರುಗಿ ಕೇಳಿದಳು, "ಪೊಲೀಸ್ ಠಾಣೆ ಯಾವ ಕಡಿ ಬರ್ತದ್ರಿ?"

ವಿಶಾಖಾ ತಂಗಿಯ ಮುಖ ನೋಡಿದಳು. ಈ ಹುಡುಗಿ ಅಪ್ಪನನ್ನು ಮರೆತಿದ್ದಾಳೆ ಎಂದು ಮೂರು ವರ್ಷ ತನ್ನೊಳಗೇ ದೂರುತ್ತ ಬಂದದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. "ರತ್ನಾ, ಠಾಣೆಗೆ ಹೋದ್ರ ಎಲ್ಲಾ ಹೇಳಬೇಕಾಗ್ತದ," ಎಂದಳು, ತನ್ನ ದನಿಯೇ ತನಗೆ ಅಳುಕಿನದಾಗಿ ಕೇಳಿಸಿತು. "ಅವ್ವನ ಕಿವಿಗೂ ಬೀಳ್ತದ."

"ಬೀಳಲಿ," ಎಂದಳು ರತ್ನಮಾಲಾ. "ಅಪ್ಪ ಕೂಗಿದ್ದು ಅವ್ವಗೂ ಕೇಳಲಿ. ಆವತ್ತ ಕೇಳಿದೋರೆಲ್ಲಾ ಓಡಿ ಹೋಗ್ಯಾರ."

ಫಕ್ರುನ್ನೀಸಾ ಶಟರಿನ ಕೊಕ್ಕೆ ತೆಗೆದುಕೊಂಡು ಹೊರಗೆ ಬಂದು, ಹಾಡುಹಗಲೇ ಅಂಗಡಿಯ ಶಟರನ್ನು ಕೆಳಗೆ ಎಳೆದಳು.

"ನಡೀರಿ," ಎಂದಳು. "ನಾನೂ ಕೇಳೀನಲ್ಲ."